ಅರ್ಧ ಕಾರು, ಅರ್ಧ ನಾವು: ಈ ನಡುವಿನ ಹಂತಾನೇ ಎಲ್ಲಕ್ಕಿಂತ ಅಪಾಯ ಅನ್ಸುತ್ತೆ ನಂಗೆ

ಹಾದಿಹೋಕ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ತಿಂಗಳು ರಾತ್ರಿ ಹೈವೇನಲ್ಲಿ ಬರ್ತಿದ್ದೆ, ಸಣ್ಣಗೆ ಮಳೆ, ಅಡಾಪ್ಟಿವ್ ಕ್ರೂಸು (ಮುಂದಿನ ಗಾಡಿ ನೋಡ್ಕೊಂಡು ವೇಗ ತಾನೇ ಹೊಂದಿಸ್ಕೊಳ್ಳೋದು), ಲೇನ್ ಅಸಿಸ್ಟು (ಪಟ್ಟೆ ನೋಡ್ಕೊಂಡು ಸ್ಟೀರಿಂಗ್ ತಾನೇ ತಿರುಗಿಸೋದು) ಎರಡೂ ಆನ್ ಇತ್ತು. ಒಂದು ಕಡೆ ರಸ್ತೆ ರಿಪೇರಿ, ಹಳೇ ಬಿಳಿ ಪಟ್ಟೆ ಅರ್ಧಂಬರ್ಧ ಕೆರೆದು ಬಿಟ್ಟಿದ್ರು, ಅದರ ಪಕ್ಕದಲ್ಲೇ ಹೊಸದಾಗಿ ಹಳದಿ ಪಟ್ಟೆ ಎಳೆದಿದ್ರು, ನೀರು ಬಿದ್ದು ಹೆಡ್‌ಲೈಟ್ ಬೆಳಕಿಗೆ ಎರಡೂ ಒಂದೇ ಥರ ಹೊಳೀತಿದ್ವು. ಅಲ್ಲಿ ಸ್ಟೀರಿಂಗು ಎಡಗಡೆಗೆ ಎಳೀತು. ಜೋರಾಗೇನಲ್ಲ, ಜೊತೇಲಿ ನಡೀತಿರೋ ಮಗು ಕೈ ಜಗ್ಗುತ್ತಲ್ಲ, ಅಷ್ಟೇ. ಎಡಗಡೆ ಇದ್ದಿದ್ದು ಕಾಂಕ್ರೀಟ್ ಬ್ಯಾರಿಯರ್. ನಾನು ಬಲಕ್ಕೆ ತಿರುಗಿಸ್ದೆ, ಒಂದು ಕ್ಷಣ ಅದೂ ನನ್ನ ಕೈ ಜೊತೆ ಜಗ್ಗಾಡ್ತು, ಆಮೇಲೆ ಡ್ಯಾಶ್‌ಬೋರ್ಡಲ್ಲಿ ಹಸಿರಾಗಿದ್ದ ಸ್ಟೀರಿಂಗ್ ಗುರುತು ಬೂದಿ ಬಣ್ಣಕ್ಕೆ ತಿರುಗ್ತು, ಅಂದ್ರೆ ಲೇನ್ ಅಸಿಸ್ಟು ಕೈಬಿಡ್ತು. ಒಂದು ಶಬ್ದಾನೂ ಇಲ್ಲ.

ಏನೂ ಆಗ್ಲಿಲ್ಲ, ಮನೆ ಸೇರ್ಕೊಂಡೆ. ಆದ್ರೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಕಾರು ತಪ್ಪು ಮಾಡ್ತು ಅಂತಲ್ಲ. ಅದಕ್ಕೆ ಮುಂಚೆ 40 ನಿಮಿಷ ಅದು ಎಷ್ಟು ಚೆನ್ನಾಗಿ ಓಡಿಸ್ತು ಅಂದ್ರೆ ನಾನು ರಸ್ತೆ ನೋಡೋದನ್ನೇ ಬಿಟ್ಟಿದ್ದೆ, ಕಣ್ಣು ತೆರೆದೇ ಇತ್ತು, ಮನಸ್ಸು ಅಲ್ಲಿರ್ಲಿಲ್ಲ. ಪೂರ್ತಿ ನಾನೇ ಓಡಿಸಿದ್ರೆ ಆ ಪಟ್ಟೆ ಗೊಂದಲ ದೂರದಿಂದ್ಲೇ ಕಾಣ್ತಿತ್ತು. ಪೂರ್ತಿ ಅದೇ ಓಡಿಸೋ ಯೋಗ್ಯತೆ ಇದ್ದಿದ್ರೆ ಅದಕ್ಕೂ ಕಾಣ್ತಿತ್ತು. ಈ ಅರ್ಧಂಬರ್ಧ ಹಂತವನ್ನ ಜನರ ಕೈಗೆ ಕೊಟ್ಟಿದ್ದೇ ಸರೀನಾ? ಈ ಫೀಲ್ಡಲ್ಲಿ ಇರೋರು ಯಾರಾದ್ರೂ ಇದ್ರೆ ಹೇಳಿ.

ಹಳೇಕ್ಲಚ್

ಮೂವತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ ಸರ್. ಬೇಜಾರು ಮಾಡ್ಕೋಬೇಡಿ, ಲೇನ್ ಅಸಿಸ್ಟ್ ಅಂದ್ರೆ ಸಹಾಯ ಅಷ್ಟೇ, ಮ್ಯಾನ್ಯುಯಲ್‌ನಲ್ಲೂ ಹಂಗೇ ಬರ್ದಿರ್ತಾರೆ. 1978ರಲ್ಲಿ ಬಾಷ್‌ನೋರು ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗ್ದಂಗೆ ನೋಡ್ಕೊಳ್ಳೋದು) ತಂದಾಗ್ಲೂ ಬ್ರೇಕು ಕಂಪ್ಯೂಟರ್ ಕೈಗೆ ಕೊಡೋದಾ ಅಂತ ಹೆದರಿದೋರು ಇದ್ರು, ಇವತ್ತು ಎಬಿಎಸ್ ಇಲ್ದಿರೋ ಕಾರು ಯಾರು ತಗೋತಾರೆ? ಕೈ ಸ್ಟೀರಿಂಗ್ ಮೇಲೆ, ಕಣ್ಣು ರಸ್ತೆ ಮೇಲೆ. ಇಷ್ಟು ಪಾಲಿಸಿದ್ರೆ ಈ ಸಿಸ್ಟಮ್ಮಿಂದ ಉಪಕಾರಾನೇ.

ಬಿಟ್‌ಬೈಟ್

ಹಳೇಕ್ಲಚ್ ಸರ್, ಹೋಲಿಕೆ ಅಲ್ಲೇ ತಪ್ಪುತ್ತೆ. ಎಬಿಎಸ್ ನಿಮ್ಮ ಗಮನವನ್ನ ಕಿತ್ಕೊಳ್ಳಲ್ಲ, ನೀವು ಬ್ರೇಕ್ ಒತ್ತಿದ್ಮೇಲೆ ಕೆಲಸ ಶುರು ಮಾಡುತ್ತೆ. ಲೇನ್ ಅಸಿಸ್ಟು, ಕ್ರೂಸು ಎರಡೂ ಸೇರಿದಾಗ ನಿಮ್ಮ ಕೆಲಸಾನೇ ಬದಲಾಗೋಗುತ್ತೆ, ಡ್ರೈವರ್ ಆಗಿದ್ದೋರು ಕಾವಲುಗಾರ ಆಗ್ತೀರ. ಮನುಷ್ಯರು ಕಾವಲು ಕೆಲಸದಲ್ಲಿ ತುಂಬಾ ವೀಕು. ಇದು ಇವತ್ತು ಗೊತ್ತಾಗಿದ್ದಲ್ಲ, 1948ರಲ್ಲಿ ಮ್ಯಾಕ್‌ವರ್ತ್ ಅನ್ನೋ ಮನಃಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರ್ಸಿದ್ರು. ಗಡಿಯಾರದ ಥರ ಒಂದು ಮುಳ್ಳು, ಒಂದೊಂದೇ ಹೆಜ್ಜೆ ಹೋಗುತ್ತೆ, ಎಲ್ಲೋ ಅಪರೂಪಕ್ಕೆ ಎರಡು ಹೆಜ್ಜೆ ಹಾರುತ್ತೆ, ಹಾರಿದಾಗ ಗುಂಡಿ ಒತ್ಬೇಕು, ಅಷ್ಟೇ ಕೆಲಸ. ಅರ್ಧ ಗಂಟೆ ಆಗೋಷ್ಟರಲ್ಲೇ ಜನ ತಪ್ಪಿಸೋಕೆ ಶುರು ಮಾಡಿದ್ರು, ಅವ್ರೇನು ಸೋಮಾರಿಗಳಲ್ಲ, ಮಿಲಿಟರಿ ರೇಡಾರ್ ನೋಡೋ ಕೆಲಸದ ಸಮಸ್ಯೆ ಅರ್ಥ ಮಾಡ್ಕೊಳ್ಳೋಕೆ ಅಂತಾನೇ ಮಾಡಿದ್ದ ಪ್ರಯೋಗ ಅದು. ಹಾದಿಹೋಕ ಅವ್ರು ಹೇಳಿದ 40 ನಿಮಿಷಾನೂ ಇದೇ.

ನಾನು ವಾಹನ ಸಾಫ್ಟ್‌ವೇರ್‌ನಲ್ಲೇ ಕೆಲಸ ಮಾಡೋದು, ಕಂಪನಿ ಹೆಸರು ಬೇಡ. ನಮ್ಮಲ್ಲಿ ಎಸ್‌ಎಇ ಅಂತ ವಾಹನ ಇಂಜಿನಿಯರುಗಳ ಒಂದು ಸಂಸ್ಥೆ, ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತೆ ಅಂತ 2014ರಲ್ಲಿ ಮಾಡಿದ ಲೆವೆಲ್ ಪಟ್ಟಿ ಇದೆ, 0ಯಿಂದ 5ರವರೆಗೆ. ಎಲ್ಲಾ ಬಿಡಿಸಿ ಹೇಳಲ್ಲ, ಮುಖ್ಯ ಗೆರೆ ಇರೋದು 2 ಮತ್ತೆ 3ರ ಮಧ್ಯೆ. 2ರವರೆಗೆ ಕಾರು ಏನೇ ಮಾಡ್ಲಿ, ನೋಡ್ಕೊಳ್ಳೋ ಹೊಣೆ ನಿಮ್ದು. 3ರಲ್ಲಿ, ಅದು ಆನ್ ಇರೋ ಅಷ್ಟು ಹೊತ್ತು, ರಸ್ತೆ ನೋಡೋ ಕೆಲಸ ಕಾರಿಂದು, ಕರೆದಾಗ ಮಾತ್ರ ನೀವು ಬರ್ಬೇಕು. 2021ರಲ್ಲಿ ಹೋಂಡಾ ಜಪಾನಲ್ಲಿ 100 ಕಾರು ಮಾತ್ರ ಲೀಸಿಗೆ ಕೊಟ್ಟು ಇದನ್ನ ಶುರು ಮಾಡ್ತು, 2022ರಲ್ಲಿ ಮರ್ಸಿಡಿಸ್ ಜರ್ಮನೀಲಿ ತಂತು, ಅದೂ 60 ಕಿ.ಮೀ. ವೇಗದ ಒಳಗೆ, ಹೈವೇ ಟ್ರಾಫಿಕ್ಕಲ್ಲಿ ಮಾತ್ರ. ಇದಕ್ಕಿರೋ ವಿಶ್ವಸಂಸ್ಥೆಯ ನಿಯಮದ ಪ್ರಕಾರ "ಸ್ಟೀರಿಂಗ್ ತಗೋ" ಅಂತ ಕರೆದ್ಮೇಲೆ ಡ್ರೈವರಿಗೆ ಸಾಮಾನ್ಯವಾಗಿ 10 ಸೆಕೆಂಡ್ ಆದ್ರೂ ಸಮಯ ಕೊಡ್ಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ 10 ಸೆಕೆಂಡ್ ಅಂದ್ರೆ 278 ಮೀಟರ್. ನಿಮ್ಮ ಕಾರು ಕೊಟ್ಟಿದ್ದು ಬೂದಿ ಬಣ್ಣದ ಒಂದು ಗುರುತು ಮಾತ್ರ. ಲೆವೆಲ್ 2ರಲ್ಲಿ "ಡ್ರೈವರ್ ನೋಡ್ತಾನೇ ಇರ್ತಾರೆ" ಅಂತ ಮೊದ್ಲೇ ಅಂದ್ಕೊಂಡು ಡಿಸೈನ್ ಮಾಡಿರ್ತಾರೆ. ಆ ಊಹೇನೇ ತಪ್ಪು ಅಂತ ನಾನು ಆಫೀಸಲ್ಲೂ ಜಗಳ ಆಡ್ತೀನಿ.

ಮೂರುದಾರಿ

ಗೂಗಲ್‌ನೋರು ಇದೇ ಕಾರಣಕ್ಕೆ ಅಲ್ವಾ ಈ ದಾರಿ ಬಿಟ್ಟಿದ್ದು?

ಬಿಟ್‌ಬೈಟ್

ಹೌದು. ತಮ್ಮ ಉದ್ಯೋಗಿಗಳಿಗೇ ಹೈವೇಲಿ ಓಡಿಸೋಕೆ ಕೊಟ್ಟಿದ್ರು, ಒಳಗೆ ಕ್ಯಾಮೆರಾ ಇದೆ ಅಂತ ಅವ್ರಿಗೂ ಗೊತ್ತು. ಆದ್ರೂ ಮೇಕಪ್ ಹಚ್ಕೊಂಡೋರು ಇದ್ರು, ಫೋನ್ ಚಾರ್ಜಿಗೆ ಹಾಕೋಕೆ ಬಗ್ಗಿದೋರು ಇದ್ರು, ಒಬ್ರಂತೂ ಗಂಟೆಗೆ 90 ಕಿ.ಮೀ. ವೇಗದಲ್ಲಿ ನಿದ್ದೆ ಮಾಡ್ತಿದ್ರು. ಅದನ್ನ ನೋಡಿ ಈ ಹಸ್ತಾಂತರದ ಐಡಿಯಾನೇ ಕೈಬಿಟ್ಟು ಡ್ರೈವರೇ ಬೇಡದ ಕಾರಿನ ಕಡೆ ಹೋದ್ರು. 2009ರಲ್ಲಿ ಶುರುವಾದ ಆ ಪ್ರಾಜೆಕ್ಟೇ 2016ರಲ್ಲಿ ವೇಮೋ ಕಂಪನಿ ಆಗಿದ್ದು, 2020ರ ಅಕ್ಟೋಬರಲ್ಲಿ ಅಮೆರಿಕದ ಫೀನಿಕ್ಸ್ ಕಡೆ ಮುಂದಿನ ಸೀಟಲ್ಲಿ ಯಾರೂ ಇಲ್ದೇ ಸಾಮಾನ್ಯ ಜನರನ್ನ ಕರ್ಕೊಂಡು ಓಡಾಡೋಕೆ ಶುರು ಮಾಡಿದ್ರು.

ಸ್ಪ್ಯಾನರ್

ಹಾದಿಹೋಕ ಅಣ್ಣ, ಒಂದು ಪ್ರಶ್ನೆ. ಮುಂದಿನ ಗ್ಲಾಸು ಯಾವಾಗಾದ್ರೂ ಚೇಂಜ್ ಮಾಡ್ಸಿದ್ರಾ?

ಹಾದಿಹೋಕ

ಹೌದು, ನಾಲ್ಕು ತಿಂಗಳ ಹಿಂದೆ ಕಲ್ಲು ಸಿಡಿದು ಬಿರುಕು ಬಿಟ್ಟಿತ್ತು. ಯಾಕೆ?

ಸ್ಪ್ಯಾನರ್

ಅಂದ್ಕೊಂಡೆ. ಕನ್ನಡಿ ಹಿಂದುಗಡೆ ಗ್ಲಾಸಿಗೆ ಅಂಟ್ಕೊಂಡಂಗೆ ಒಂದು ಕ್ಯಾಮೆರಾ ಇರುತ್ತೆ, ಗ್ಲಾಸ್ ಬದಲಾಯಿಸಿದ್ಮೇಲೆ ಅದನ್ನ ಕ್ಯಾಲಿಬ್ರೇಷನ್ ಮಾಡ್ಲೇಬೇಕು. ನಾನು ದಿನಾ ಮಾಡೋ ಕೆಲಸ ಇದು. ನೆಲ ಸಮ ಇರ್ಬೇಕು, ನಾಲ್ಕೂ ಟೈರಲ್ಲಿ ಗಾಳಿ ಸರಿಯಾಗಿರ್ಬೇಕು, ಡಿಕ್ಕೀಲಿ ಸಾಮಾನು ತುಂಬ್ಕೊಂಡು ಬಂದಿದ್ರೆ ಅದನ್ನೆಲ್ಲ ಇಳಿಸ್ಬೇಕು ಯಾಕಂದ್ರೆ ಹಿಂದೆ ಕುಗ್ಗಿದ್ರೆ ಮುಂದೆ ಕ್ಯಾಮೆರಾ ಮೂತಿ ಮೇಲೇಳುತ್ತೆ. ಆಮೇಲೆ ಚಕ್ರದ ಸೆಂಟರಿಂದ ಲೇಸರ್ ಹಿಡಿದು ಅಳೆದು, ಕಂಪನಿ ಹೇಳಿದ ದೂರದಲ್ಲಿ ಕಪ್ಪು ಬಿಳುಪು ಚೌಕದ ಬೋರ್ಡು ನಿಲ್ಲಿಸ್ತೀವಿ, ಕ್ಯಾಮೆರಾ ಅದನ್ನ ನೋಡಿ ತನ್ನ ನೇರ ಯಾವುದು ಅಂತ ಕಲೀಬೇಕು. ಕೆಲವು ಗಾಡೀಲಿ ಬೋರ್ಡ್ ಬೇಡ, ಸ್ಕ್ಯಾನರ್ ಹಾಕ್ಕೊಂಡು ಒಳ್ಳೇ ಪಟ್ಟೆ ಇರೋ ರಸ್ತೇಲಿ ಓಡಿಸಿದ್ರೆ ಕಲಿಯುತ್ತೆ.

ಒಂದು ಡಿಗ್ರಿ ಏನ್ ಮಹಾ ಅನ್ಬೇಡಿ. ಒಂದು ಡಿಗ್ರಿ ಓರೆ ಆದ್ರೆ 50 ಮೀಟರ್ ಮುಂದೆ 87 ಸೆಂ.ಮೀ. ತಪ್ಪುತ್ತೆ, 100 ಮೀಟರ್ ಮುಂದೆ 1.75 ಮೀಟರ್. ಒಂದು ಲೇನ್ ಅಗಲ ಸುಮಾರು ಮೂರೂವರೆ ಮೀಟರ್ ಇರುತ್ತೆ ಅನ್ಕೊಂಡ್ರೆ ಅರ್ಧ ಲೇನೇ ಹೋಯ್ತು. ಗಾಡಿ ಓಡ್ತಾ ಓಡ್ತಾ ಸ್ವಲ್ಪ ತಾನೇ ಸರಿ ಮಾಡ್ಕೊಳ್ಳುತ್ತೆ, ಆದ್ರೆ ಅದಕ್ಕೂ ಒಂದು ಮಿತಿ ಇದೆ. ಬಿಲ್ಲಲ್ಲಿ ಕ್ಯಾಲಿಬ್ರೇಷನ್ ಅಂತ ಬರ್ದಿದ್ಯಾ ನೋಡಿ.

ಹಾದಿಹೋಕ

ನೋಡ್ದೆ. ಗ್ಲಾಸು, ಅಂಟು, ಬೀಡಿಂಗು, ಕೂಲಿ. ಅಷ್ಟೇ. ಕ್ಯಾಮೆರಾ ಸುದ್ದೀನೇ ಇಲ್ಲ. ಹೇಳೋರೂ ಇರ್ಲಿಲ್ಲ. ಈ ವಾರ ಮಾಡಿಸ್ತೀನಿ, ತುಂಬಾ ಥ್ಯಾಂಕ್ಸ್.

ಮೂರುದಾರಿ

ಇದನ್ನ ಓದಿ ನಂಗೆ ಭಯಾನೇ ಆಯ್ತು. ಅದಕ್ಕೇ ಕೇಳ್ತೀನಿ, ಒಂದೇ ಕ್ಯಾಮೆರಾ ನಂಬ್ಕೊಂಡು ಯಾಕೆ ಓಡಿಸ್ಬೇಕು? ಟೆಸ್ಲಾದೋರು 2021ರಲ್ಲಿ ಅಮೆರಿಕದ ಕೆಲವು ಮಾಡೆಲ್ಲುಗಳಿಂದ ರೇಡಾರೂ ತೆಗೆದುಬಿಟ್ರು, ಮನುಷ್ಯ ಎರಡೇ ಕಣ್ಣಲ್ಲಿ ಓಡಿಸ್ತಾನಲ್ಲ ಅನ್ನೋದು ಅವರ ವಾದ.

ಬಿಟ್‌ಬೈಟ್

ವಾದದಲ್ಲಿ ಸ್ವಲ್ಪ ತಿರುಳಿದೆ, ಆದ್ರೆ ನಾನು ಒಪ್ಪಲ್ಲ. ಒಂದೊಂದು ಸೆನ್ಸರೂ ಒಂದೊಂದು ಥರ ಮೋಸ ಹೋಗುತ್ತೆ, ಅದಕ್ಕೇ ಬೇರೆ ಬೇರೆ ಜಾತಿ ಸೆನ್ಸರ್ ಬೇಕು ಅನ್ನೋದು. ಕ್ಯಾಮೆರಾಗೆ ಬಣ್ಣ, ಬೋರ್ಡಿನ ಅಕ್ಷರ ಗೊತ್ತಾಗುತ್ತೆ, ಎದುರು ಬಿಸಿಲು ಬಿದ್ರೆ ಕುರುಡಾಗುತ್ತೆ, ದೂರ ಎಷ್ಟು ಅಂತ ಊಹೆ ಮಾಡ್ಬೇಕು. 77 ಗಿಗಾಹರ್ಟ್ಜ್ ರೇಡಾರ್ ಮಳೆ ಮಂಜಲ್ಲೂ ನೋಡುತ್ತೆ, ಎದುರಿನ ವಸ್ತು ಎಷ್ಟು ವೇಗದಲ್ಲಿ ಬರ್ತಿದೆ ಅಂತ ನೇರವಾಗಿ ಹೇಳುತ್ತೆ, ಆದ್ರೆ ಹಳೇ ರೇಡಾರ್‌ಗಳಿಗೆ ನಿಂತಿರೋ ಲಾರಿಗೂ ಮೇಲಿರೋ ಸೇತುವೆಗೂ ವ್ಯತ್ಯಾಸ ಸರಿಯಾಗಿ ಗೊತ್ತಾಗಲ್ಲ, ಸೇತುವೆ ಸೇತುವೆಗೂ ಬ್ರೇಕ್ ಹಾಕ್ಬಾರ್ದು ಅಂತ ನಿಂತಿರೋದನ್ನ ಲೆಕ್ಕದಿಂದ್ಲೇ ಬಿಡ್ತಿದ್ರು. ಲೈಡಾರ್ ಅಂದ್ರೆ ಲೇಸರ್ ಮಿಡಿತ ಬಿಟ್ಟು ವಾಪಸ್ ಬರೋ ಸಮಯ ಅಳೆಯೋದು, 100 ಮೀಟರ್ ದೂರದ ಗೋಡೆಗೆ ಹೋಗಿ ಬರೋಕೆ ಬೆಳಕಿಗೆ ಒಂದು ಮೈಕ್ರೋಸೆಕೆಂಡೂ ಬೇಡ. ಅದು ಸೆಂಟಿಮೀಟರ್ ಲೆಕ್ಕದಲ್ಲಿ ಆಕಾರ ಕೊಡುತ್ತೆ, ಬಣ್ಣ ಕೊಡಲ್ಲ.

2016ರಲ್ಲಿ ಫ್ಲಾರಿಡಾದಲ್ಲಿ ಟೆಸ್ಲಾದ ಆಟೋಪೈಲಟ್ ಅನ್ನೋ ಅಸಿಸ್ಟು ಹಾಕಿದ್ದ ಕಾರು, ಅಡ್ಡ ಬಂದ ಟ್ರಕ್ಕಿನ ಟ್ರೇಲರ್ ಅಡಿಗೆ ನುಗ್ಗಿ ಒಬ್ರು ತೀರ್ಕೊಂಡ್ರು. ಬಿಳಿ ಟ್ರೇಲರು, ಹಿಂದೆ ಬೆಳ್ಳಗೆ ಹೊಳೀತಿದ್ದ ಆಕಾಶ. ಕಾರೂ ಬ್ರೇಕ್ ಹಾಕ್ಲಿಲ್ಲ, ಒಳಗಿದ್ದೋರೂ ಹಾಕ್ಲಿಲ್ಲ.

ಹಳೇಕ್ಲಚ್

ಅದನ್ನ ಓದಿದ್ದೆ. ಪಾಪ. ಆದ್ರೆ ಸೆನ್ಸರ್ ಜಾಸ್ತಿ ಹಾಕಿದ್ರೆ ಎಲ್ಲಾ ಸರಿ ಹೋಗುತ್ತೆ ಅಂತ್ಲೂ ಇಲ್ವಲ್ಲ? ಟೆಂಪಿ ಕೇಸಲ್ಲಿ ಲೈಡಾರೂ ಇತ್ತು.

ಬಿಟ್‌ಬೈಟ್

ಸರಿಯಾದ ಜಾಗಕ್ಕೆ ಕೈ ಇಟ್ರಿ ಸರ್. 2018ರ ಮಾರ್ಚ್ 18, ಅರಿಜೋನಾದ ಟೆಂಪಿ, ಊಬರಿನ ತಾನೇ ಓಡೋ ಟೆಸ್ಟ್ ಕಾರು, ರಾತ್ರಿ ಸೈಕಲ್ ತಳ್ಕೊಂಡು ರಸ್ತೆ ದಾಟ್ತಿದ್ದ ಹೆಂಗಸಿಗೆ ಗುದ್ದಿ ಅವ್ರು ಸತ್ತೋದ್ರು. ಆ ತನಿಖಾ ವರದಿಯನ್ನ ನಾನು ನಮ್ಮ ಟೀಮಿಗೆ ಸೇರೋ ಪ್ರತಿ ಹೊಸಬರಿಗೂ ಓದಿಸ್ತೀನಿ. ಸೆನ್ಸರ್‌ಗಳು ಅವ್ರನ್ನ ಕಂಡಿದ್ವು, ಗುದ್ದೋಕೆ 5.6 ಸೆಕೆಂಡ್ ಮುಂಚೇನೇ. ಸುಮಾರು 70 ಕಿ.ಮೀ. ವೇಗ, ಅಂದ್ರೆ ನೂರು ಮೀಟರಿಗಿಂತ ಜಾಸ್ತಿ ಜಾಗ ಇತ್ತು. ಆದ್ರೆ ಸಾಫ್ಟ್‌ವೇರ್ ಒಂದ್ಸಲ ವಾಹನ ಅಂತು, ಒಂದ್ಸಲ ಬೇರೇನೋ ಅಂತು, ಒಂದ್ಸಲ ಸೈಕಲ್ ಅಂತು, ಹೆಸರು ಬದಲಾದಾಗೆಲ್ಲ ಆ ವಸ್ತು ಇಲ್ಲಿವರೆಗೆ ಹೇಗೆ ಚಲಿಸ್ತು ಅನ್ನೋ ನೆನಪನ್ನೇ ಅಳಿಸಿ ಹೊಸದಾಗಿ ಶುರು ಮಾಡ್ತಿತ್ತು. ಹಂಗಾಗಿ ಇವ್ರು ರಸ್ತೆ ದಾಟ್ತಿದಾರೆ ಅನ್ನೋದೇ ಅದಕ್ಕೆ ಹೊಳೀಲಿಲ್ಲ. ದಾಟೋ ಜಾಗ ಅಲ್ಲದ ಕಡೆ ಮನುಷ್ಯರು ದಾಟ್ಬೋದು ಅನ್ನೋದನ್ನೇ ಡಿಸೈನಲ್ಲಿ ಲೆಕ್ಕಕ್ಕೆ ತಗೊಂಡಿರ್ಲಿಲ್ಲ. ಸುಮ್ಸುಮ್ನೆ ಬ್ರೇಕ್ ಹಾಕೋದು ತಪ್ಪಿಸೋಕೆ ಅಂತ ತುರ್ತು ಬ್ರೇಕಿಗೆ ಒಂದು ಸೆಕೆಂಡ್ ತಡೆ ಬೇರೆ ಇಟ್ಟಿದ್ರು. ಕಾರಿನ ಮೂಲ ಕಂಪನಿಯ ತುರ್ತು ಬ್ರೇಕ್ ವ್ಯವಸ್ಥೆ, ಇವರ ಸಾಫ್ಟ್‌ವೇರ್ ಓಡ್ತಿರೋವಾಗ ಆಫ್. ಕೊನೇ ಕಾವಲು ಅಂತ ಕೂತಿದ್ದ ಆಪರೇಟರ್ ಫೋನಲ್ಲಿ ಕಾರ್ಯಕ್ರಮ ನೋಡ್ತಿದ್ರು. ಮತ್ತೆ ಅದೇ ಮ್ಯಾಕ್‌ವರ್ತ್ ಗಡಿಯಾರ.

ಇದನ್ನ ಬರೆಯೋವಾಗ ಇವತ್ತಿಗೂ ಹೊಟ್ಟೇಲಿ ಸಂಕಟ ಆಗುತ್ತೆ. ಕೋಡಲ್ಲಿ ಒಂದು ವಸ್ತುವಿಗೆ ಹೆಸರಿಡೋದು ಸಣ್ಣ ವಿಷಯ ಅನ್ಸುತ್ತೆ. ಇಲ್ಲಿ ಅದರ ಮೇಲೆ ಒಂದು ಜೀವ ನಿಂತಿತ್ತು.

ಬಿಳಿಕೋಲು

ಇಷ್ಟು ಹೊತ್ತು ಸ್ಕ್ರೀನ್ ರೀಡರ್‌ನಲ್ಲಿ ಎಲ್ಲಾ ಕೇಳಿಸ್ಕೊಂಡೆ. ನಂಗೆ ದೃಷ್ಟಿ ಇಲ್ಲ. ನೀವೆಲ್ಲ ಅರ್ಧ ಹಂತ ಬೇಕಾ ಬೇಡ್ವಾ ಅಂತ ಮಾತಾಡ್ತಿದೀರ, ನನ್ನಂಥೋರಿಗೆ ಅರ್ಧ ಹಂತದಿಂದ ಏನೂ ಉಪಯೋಗ ಇಲ್ಲ. "ಬೇಕಾದಾಗ ಸ್ಟೀರಿಂಗ್ ತಗೋ" ಅನ್ನೋ ಕಾರು ನಂದಲ್ಲ. 2015ರಲ್ಲಿ ಗೂಗಲ್‌ನೋರು ಆಸ್ಟಿನಲ್ಲಿ ಸ್ಟೀರಿಂಗೂ ಪೆಡಲೂ ಇಲ್ದಿರೋ ಪುಟ್ಟ ಕಾರಲ್ಲಿ ದೃಷ್ಟಿ ಇಲ್ದಿರೋ ಒಬ್ರನ್ನ ಒಬ್ರೇ ಕೂರಿಸಿ ಸಾರ್ವಜನಿಕ ರಸ್ತೇಲಿ ಓಡಿಸಿದ್ರು, ಆ ಸುದ್ದಿ ಕೇಳಿದ ದಿನ ನನ್ನ ಎದೆ ಹೊಡ್ಕೊಂಡಿದ್ದು ಇನ್ನೂ ನೆನಪಿದೆ. ಯಾರನ್ನೂ ಕರೀದೆ, ಯಾರಿಗೂ ಕಾಯದೆ ನಾನೇ ಹೋಗಿ ಬರೋದು ಅಂದ್ರೆ ನಿಮಗೆ ಅದರ ಬೆಲೆ ಗೊತ್ತಾಗೋದು ಕಷ್ಟ.

ಅಪಘಾತದ ಬಗ್ಗೆ ಹೇಳ್ತೀರ, ಸರಿ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತದಲ್ಲಿ ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲಾನೂ ಮನುಷ್ಯರು ಓಡಿಸಿದ ಗಾಡಿಗಳೇ. ಪೂರ್ತಿ ತಾನೇ ಓಡೋ ಕಾರಿನ ಕೆಲಸ ನಿಲ್ಲಿಸ್ಬೇಡಿ, ದಯವಿಟ್ಟು.

ಹಳೇಕ್ಲಚ್

ನಿಮ್ಮ ಮಾತು ಮನಸ್ಸಿಗೆ ನಾಟ್ತು. ನಾನು ಡ್ರೈವಿಂಗ್ ಸೀಟಿಂದ ಮಾತ್ರ ಯೋಚ್ನೆ ಮಾಡ್ತಿದ್ದೆ.

ಮೂರುದಾರಿ

ಮನುಷ್ಯರಿಗಿಂತ ಸೇಫು ಅಂತ ಸಾಬೀತು ಮಾಡೋದು ಹೆಂಗೆ ಅನ್ನೋದೇ ದೊಡ್ಡ ತಲೆನೋವು. ರ‍್ಯಾಂಡ್ ಅನ್ನೋ ಅಮೆರಿಕದ ಸಂಶೋಧನಾ ಸಂಸ್ಥೆಯೋರು 2016ರಲ್ಲಿ ಒಂದು ಲೆಕ್ಕ ಹಾಕಿದ್ರು, ಅಮೆರಿಕದ ಮನುಷ್ಯ ಡ್ರೈವರುಗಳ ಸಾವಿನ ಪ್ರಮಾಣಕ್ಕೆ ಸಮ ಅಂತ ಶೇ. 95 ಭರವಸೆಯಿಂದ ಹೇಳ್ಬೇಕಾದ್ರೆ ಒಂದೂ ಸಾವಿಲ್ದೇ ಸುಮಾರು 44 ಕೋಟಿ ಕಿ.ಮೀ. ಓಡಿಸ್ಬೇಕು. 100 ಕಾರನ್ನ ಹಗಲೂ ರಾತ್ರಿ ಓಡಿಸಿದ್ರೂ 12 ವರ್ಷದ ಮೇಲಾಗುತ್ತೆ. ಅಷ್ಟರಲ್ಲಿ ಸಾಫ್ಟ್‌ವೇರ್ ಎಷ್ಟು ಸಲ ಬದಲಾಗಿರುತ್ತೋ.

ಇನ್ನೊಂದು ಕಡೆ ಪ್ರಗತೀನೂ ನೋಡಿ. 2004ರಲ್ಲಿ ಅಮೆರಿಕದ ಮಿಲಿಟರಿ ಸಂಶೋಧನಾ ಸಂಸ್ಥೆ ದಾರ್ಪಾ ಮೊಹಾವಿ ಮರುಭೂಮೀಲಿ ಡ್ರೈವರಿಲ್ಲದ ಗಾಡಿಗಳ ರೇಸ್ ಇಟ್ಟಾಗ 15 ಗಾಡಿ ಹೊರಟ್ವು, ಒಂದೂ ಮುಟ್ಲಿಲ್ಲ, ಎಲ್ಲಕ್ಕಿಂತ ದೂರ ಹೋಗಿದ್ದೇ 12 ಕಿ.ಮೀ. ಮರುವರ್ಷ ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಅನ್ನೋ ಗಾಡಿ 212 ಕಿ.ಮೀ. ದಾರೀನ ಏಳು ಗಂಟೆ ಒಳಗೆ ಮುಗಿಸ್ತು, ಒಟ್ಟು ಐದು ಗಾಡಿ ಗುರಿ ಮುಟ್ಟಿದ್ವು. ಒಂದೂವರೆ ವರ್ಷದಲ್ಲಿ!

ಸಿಗ್ನಲ್‌ಮರ

ನಾನು ಟೆಲಿಕಾಂನೋನು, ನೀವ್ಯಾರೂ ಮುಟ್ದೇ ಇರೋ ಇನ್ನೊಂದು ಅರ್ಧ ಹೇಳ್ತೀನಿ. ಈ ಕಾರುಗಳು ಒಂಟಿಯಾಗಿಲ್ಲ, ಯಾವಾಗ್ಲೂ ನೆಟ್‌ವರ್ಕಲ್ಲಿ ಇರ್ತವೆ. ಅದರಿಂದ ಒಳ್ಳೇದೂ ಇದೆ. ಯುರೋಪಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾಡೆಲ್ ಕಾರುಗಳಲ್ಲಿ ಇ-ಕಾಲ್ ಕಡ್ಡಾಯ, ಜೋರಾಗಿ ಗುದ್ದಿದ್ರೆ ಕಾರೇ 112ಕ್ಕೆ ಫೋನ್ ಮಾಡಿ ಎಲ್ಲಿದೀನಿ ಅಂತ ಹೇಳುತ್ತೆ, ಒಳಗಿರೋರಿಗೆ ಪ್ರಜ್ಞೆ ಇಲ್ದಿದ್ರೂ. ಕಾರು ಕಾರು ಮಾತಾಡೋ ತಂತ್ರಜ್ಞಾನಾನೂ ಇದೆ, ಸೆಕೆಂಡಿಗೆ 10 ಸಲ "ನಾನಿಲ್ಲಿದೀನಿ, ಇಷ್ಟು ವೇಗ, ಬ್ರೇಕ್ ಹಾಕ್ದೆ" ಅಂತ ಸುತ್ತಲಿನೋರಿಗೆ ಹೇಳುತ್ತೆ, ತಿರುವಿನ ಆಚೆ ಇರೋ ಗಾಡಿ ಕ್ಯಾಮೆರಾಗೂ ಲೈಡಾರಿಗೂ ಕಾಣಲ್ಲ, ಇದಕ್ಕೆ ಕೇಳುತ್ತೆ. ಅಮೆರಿಕ 1999ರಲ್ಲೇ ಇದಕ್ಕೆ ಅಂತ ತರಂಗಾಂತರ ಎತ್ತಿಟ್ಟಿತ್ತು, ಇಪ್ಪತ್ತು ವರ್ಷ ಆದ್ರೂ ಸರಿಯಾಗಿ ಬಳಕೆಗೆ ಬರ್ಲಿಲ್ಲ ಅಂತ 2020ರಲ್ಲಿ ಅರ್ಧಕ್ಕಿಂತ ಜಾಸ್ತಿ ಕಿತ್ತು ವೈಫೈಗೆ ಕೊಟ್ರು. ಎಲ್ಲಾ ಗಾಡೀಲಿ ಇದ್ರೆ ಮಾತ್ರ ಉಪಯೋಗ, ಉಪಯೋಗ ಕಾಣ್ದೆ ಯಾರೂ ಹಾಕಲ್ಲ, ಇದೇ ಗಂಟು.

ಭಯ ಇರೋದು ಇನ್ನೊಂದು ಕಡೆ. 2015ರಲ್ಲಿ ಚಾರ್ಲಿ ಮಿಲ್ಲರ್, ಕ್ರಿಸ್ ವಾಲಸೆಕ್ ಅನ್ನೋ ಇಬ್ರು ಸಂಶೋಧಕರು ಮನೇಲಿ ಕೂತ್ಕೊಂಡು ಹೈವೇಲಿ ಹೋಗ್ತಿದ್ದ ಜೀಪ್ ಚೆರೋಕಿಯ ಒಳಗೆ ನುಗ್ಗಿದ್ರು. ಹಾಡು ಹಾಕೋ ಸ್ಕ್ರೀನಿನ ಮೊಬೈಲ್ ಸಂಪರ್ಕದಿಂದ ಒಳಗೆ ಹೋಗಿ, ಅಲ್ಲಿಂದ ಕ್ಯಾನ್ ಬಸ್ಸಿಗೆ ಇಳಿದು, ಆಕ್ಸಲರೇಟರ್ ಕೆಲಸ ಮಾಡ್ದಂಗೆ ಮಾಡಿದ್ರು. ಕ್ಯಾನ್ ಬಸ್ ಅನ್ನೋದು ಬಾಷ್‌ನೋರು 1986ರಲ್ಲಿ ಪರಿಚಯಿಸಿದ್ದು, ಕಾರಿನೊಳಗಿನ ಕಂಪ್ಯೂಟರ್‌ಗಳೆಲ್ಲ ಒಂದೇ ಜೋಡಿ ತಂತೀಲಿ ಮಾತಾಡ್ಕೊಳ್ಳೋ ವ್ಯವಸ್ಥೆ, ಅದರಲ್ಲಿ ಹೇಳ್ತಿರೋರು ಯಾರು ಅಂತ ಪರೀಕ್ಷೆ ಮಾಡೋ ಪದ್ಧತೀನೇ ಇಲ್ಲ. ಆ ಕಾಲಕ್ಕೆ ಹೊರಗಿನೋರು ಬರ್ತಾರೆ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ. 14 ಲಕ್ಷ ಗಾಡಿ ವಾಪಸ್ ಕರೆಸ್ಬೇಕಾಯ್ತು, ಮಾಲೀಕರಿಗೆ ಪೋಸ್ಟಲ್ಲಿ ಯುಎಸ್‌ಬಿ ಕಳ್ಸಿದ್ರು.

ಬಿಟ್‌ಬೈಟ್

ಆ ಘಟನೆಯಿಂದ ಇಡೀ ಉದ್ಯಮ ಎಚ್ಚೆತ್ಕೊಳ್ತು. ಈಗ ಸೈಬರ್ ಸುರಕ್ಷತೆಗೆ ವಿಶ್ವಸಂಸ್ಥೆಯ ನಿಯಮ 155 ಇದೆ, ಯುರೋಪಲ್ಲಿ 2024ರ ಜುಲೈನಿಂದ ಎಲ್ಲಾ ಹೊಸ ಕಾರಿಗೂ ಅನ್ವಯ. ಹೊರಜಗತ್ತಿಗೂ ಬ್ರೇಕ್ ಕಡೆಯ ತಂತಿಗೂ ಮಧ್ಯೆ ಗೇಟ್‌ವೇ ಅನ್ನೋ ಕಾವಲು ಬಾಗಿಲು ಇಡ್ತೀವಿ, ಕಂಪನಿಯ ಡಿಜಿಟಲ್ ಸಹಿ ಇಲ್ದಿರೋ ಸಾಫ್ಟ್‌ವೇರ್ ಒಳಗೆ ಬಿಡಲ್ಲ.

ಸಿಗ್ನಲ್‌ಮರ

ಒಪ್ತೀನಿ ಮೇಡಂ. ಆದ್ರೆ ಡೇಟಾ? 2023ರಲ್ಲಿ ಮೊಜಿಲ್ಲಾ ಫೌಂಡೇಶನ್ 25 ಕಾರ್ ಬ್ರ್ಯಾಂಡುಗಳ ಖಾಸಗಿತನದ ನೀತಿ ಪರೀಕ್ಷೆ ಮಾಡ್ತು, ಒಂದೂ ಪಾಸಾಗ್ಲಿಲ್ಲ. 2025ರ ಜನವರೀಲಿ ಅಮೆರಿಕದ ಗ್ರಾಹಕರ ರಕ್ಷಣೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ, ಜನರಲ್ ಮೋಟರ್ಸು ಮತ್ತೆ ಅವರದೇ ಕಾರ್ ಸಂಪರ್ಕ ಸೇವೆ ಆನ್‌ಸ್ಟಾರ್ ಮೇಲೆ ಕ್ರಮ ತಗೊಳ್ತು, ಜನ ಎಲ್ಲಿಗೆ ಹೋಗ್ತಾರೆ, ಎಷ್ಟು ಜೋರಾಗಿ ಬ್ರೇಕ್ ಹಾಕ್ತಾರೆ ಅನ್ನೋ ಮಾಹಿತೀನ ಸರಿಯಾಗಿ ಒಪ್ಪಿಗೆ ಪಡೀದೆ ಮಾರಿದ್ರು ಅನ್ನೋದು ಆರೋಪ. ವಿಮೆ ಕಂತು ಏರಿದ್ಮೇಲೆ ಜನಕ್ಕೆ ಗೊತ್ತಾಗಿದ್ದು. ಇನ್ನೊಂದು, ಕಾರು ಹದಿನೈದು ವರ್ಷ ಓಡುತ್ತೆ, ನೆಟ್‌ವರ್ಕ್ ಅಷ್ಟು ವರ್ಷ ಇರಲ್ಲ. 2022ರಲ್ಲಿ ಅಮೆರಿಕದಲ್ಲಿ 3ಜಿ ನಿಲ್ಲಿಸಿದಾಗ ಎಷ್ಟೋ ಕಾರುಗಳ ತುರ್ತು ಕರೆ ಸೇವೇನೇ ನಿಂತೋಯ್ತು, ಗಾಡಿ ಗಟ್ಟಿಮುಟ್ಟಾಗೇ ಇತ್ತು.

ಬಿಳಿಕೋಲು

ಪೂರ್ತಿ ತಾನೇ ಓಡೋ ಕಾರಲ್ಲಿ ನಾನು ಕೂತಿರೋವಾಗ ಹಂಗೇನಾದ್ರೂ ಕೆಟ್ರೆ ನಾನೇನು ಮಾಡ್ಬೇಕು? ಇದನ್ನ ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳ್ತಿದೀನಿ.

ಬಿಟ್‌ಬೈಟ್

ಒಳ್ಳೇ ಪ್ರಶ್ನೆ. ಸರಿಯಾಗಿ ಮಾಡಿದ ಲೆವೆಲ್ 4 ಕಾರಲ್ಲಿ, ಅಂದ್ರೆ ನಿಗದಿ ಮಾಡಿದ ಜಾಗದಲ್ಲಿ ಡ್ರೈವರೇ ಬೇಡದ ಕಾರಲ್ಲಿ, ನೀವೇನೂ ಮಾಡ್ಬೇಕಾಗಿರಲ್ಲ. ಸ್ಟೀರಿಂಗ್ ಮೋಟರು, ಬ್ರೇಕು, ಕರೆಂಟು, ಕಂಪ್ಯೂಟರು ಎಲ್ಲಕ್ಕೂ ಎರಡನೇದು ಇರುತ್ತೆ, ಒಂದು ಸತ್ರೆ ಇನ್ನೊಂದು ಗಾಡೀನ ಪಕ್ಕಕ್ಕೆ ತಂದು ನಿಲ್ಲಿಸುತ್ತೆ. ನೆಟ್‌ವರ್ಕ್ ಹೋದ್ರೂ ನಿಲ್ಲಿಸೋ ಬುದ್ಧಿ ಕಾರೊಳಗೇ ಇರ್ಬೇಕು, ದೂರದಲ್ಲಿ ಕೂತೋರ ಮೇಲೆ ಬ್ರೇಕು ಅವಲಂಬಿಸ್ಬಾರ್ದು.

ಆದ್ರೆ ಮುಚ್ಚುಮರೆ ಇಲ್ದೇ ಹೇಳ್ತೀನಿ, "ಪಕ್ಕಕ್ಕೆ ನಿಲ್ಲಿಸು" ಅನ್ನೋದೇ ಯಾವಾಗ್ಲೂ ಸರಿ ಅಲ್ಲ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನುಷ್ಯರು ಓಡಿಸ್ತಿದ್ದ ಬೇರೆ ಕಾರು ಒಬ್ಬ ಹೆಂಗಸಿಗೆ ಗುದ್ದಿ ಅವ್ರು ಕ್ರೂಸ್ ಕಂಪನಿಯ ಡ್ರೈವರಿಲ್ಲದ ಕಾರಿನ ಮುಂದೆ ಬಿದ್ರು. ಅದು ಬ್ರೇಕ್ ಹಾಕ್ತು, ಆದ್ರೂ ತಗುಲ್ತು, ನಿಂತ್ಕೊಳ್ತು. ಆಮೇಲೆ ನಿಯಮದಂತೆ ಪಕ್ಕಕ್ಕೆ ಹೋಗೋಕೆ ಹೊರಟು, ಅಡಿಯಲ್ಲಿ ಸಿಕ್ಕಿದ್ದ ಅವ್ರನ್ನ ಸುಮಾರು ಆರು ಮೀಟರ್ ಎಳ್ಕೊಂಡೋಯ್ತು. ಮನುಷ್ಯರಾಗಿದ್ರೆ ಇಳಿದು ಬಗ್ಗಿ ನೋಡ್ತಿದ್ರು. ಕಾರಿನ ಅಡಿಗೆ ಸೆನ್ಸರ್ ಇರ್ಲಿಲ್ಲ, "ಯಾರೋ ಅಡೀಲಿ ಇರ್ಬೋದು" ಅಂತ ಅನುಮಾನ ಪಡೋದೂ ಅದಕ್ಕೆ ಗೊತ್ತಿರ್ಲಿಲ್ಲ. ಕ್ಯಾಲಿಫೋರ್ನಿಯಾ ಪರವಾನಗಿ ಕಿತ್ಕೊಳ್ತು, 2024ರ ಡಿಸೆಂಬರಲ್ಲಿ ಜನರಲ್ ಮೋಟರ್ಸು ಕ್ರೂಸ್‌ನ ಟ್ಯಾಕ್ಸಿ ಕೆಲಸಕ್ಕೆ ದುಡ್ಡು ಹಾಕೋದನ್ನೇ ನಿಲ್ಲಿಸ್ತು. ನಿಮ್ಮಂಥೋರನ್ನ ಕೂರಿಸ್ಕೊಳ್ಳೋ ಕಾರಿಗೆ ನಾನು ಇದಕ್ಕಿಂತ ಕಡಿಮೆ ಪರೀಕ್ಷೆ ಒಪ್ಪಲ್ಲ. ತಡ ಆಗ್ತಿದೆ ಅಂತ ಗೊತ್ತು, ಕ್ಷಮಿಸಿ.

ಬಿಳಿಕೋಲು

ತಡ ಆದ್ರೂ ಪರ್ವಾಗಿಲ್ಲ ಮೇಡಂ. ಬಾಗಿಲಿನ ಹಿಡಿ ಎಲ್ಲಿದೆ ಅಂತ ಕೈಗೆ ಸಿಗೋ ಹಾಗೆ ಮಾಡ್ಸಿ, ಇಳಿಯೋ ಕಡೆ ಚರಂಡಿ ಇದ್ರೆ ಬಾಯಿಬಿಟ್ಟು ಹೇಳೋ ಹಾಗೆ ಮಾಡ್ಸಿ. ಅದನ್ನ ಯಾರೂ ಯೋಚ್ನೆ ಮಾಡಿರಲ್ಲ.

ಬಿಟ್‌ಬೈಟ್

ಬರ್ಕೊಂಡೆ. ಸೋಮವಾರದ ಮೀಟಿಂಗಲ್ಲಿ ಇದನ್ನೇ ಮೊದಲು ಎತ್ತೀನಿ.

ಹಾದಿಹೋಕ

ಅಪ್‌ಡೇಟ್ ಕೊಡ್ತಿದೀನಿ. ನಿನ್ನೆ ಕ್ಯಾಲಿಬ್ರೇಷನ್ ಆಯ್ತು. ಸ್ಪ್ಯಾನರ್ ಹೇಳಿದಂಗೇ ಗಾಳಿ ನೋಡಿದ್ರು, ಡಿಕ್ಕಿ ಖಾಲಿ ಮಾಡಿದ್ರು, ಬೋರ್ಡ್ ನಿಲ್ಲಿಸಿ ಅಳೆದ್ರು. ಪ್ರಿಂಟ್ ಕೊಟ್ರು, ಕ್ಯಾಮೆರಾ ಒಂದು ಡಿಗ್ರಿಗಿಂತ ಸ್ವಲ್ಪ ಕಮ್ಮಿ ತಿರುಗಿತ್ತಂತೆ.

ರಾತ್ರಿ ಬೇಕಂತಾನೇ ಅದೇ ದಾರೀಲಿ ಹೋದೆ, ಈ ಸಲ ಕೈ ಗಟ್ಟಿಯಾಗಿ ಹಿಡ್ಕೊಂಡು, ನಿಧಾನಕ್ಕೆ. ನೇರ ರಸ್ತೇಲಿ ಈಗ ಲೇನ್ ಮಧ್ಯಕ್ಕೇ ಸರಿಯಾಗಿ ಹೋಗುತ್ತೆ, ಮುಂಚೆ ಯಾವಾಗ್ಲೂ ಒಂಚೂರು ಎಡಕ್ಕೆ ಇರ್ತಿತ್ತು ಅಂತ ಈಗ ಗೊತ್ತಾಗ್ತಿದೆ. ರಿಪೇರಿ ಜಾಗ ಬಂತು, ಎರಡು ಪಟ್ಟೆ ಹಂಗೇ ಇದೆ. ಸ್ಟೀರಿಂಗು ಒಂದ್ಸಲ ಅಂಗೈಯಲ್ಲಿ ನಡುಗ್ತು, ಯಾವ ಪಟ್ಟೆ ಹಿಡೀಲಿ ಅಂತ ಗೊತ್ತಾಗ್ದೇ ಇದ್ದಂಗೆ, ಎಡಕ್ಕೆ ಎಳೀಲಿಲ್ಲ. ಆಮೇಲೆ ಗುರುತು ಬೂದಿ ಆಯ್ತು. ಇವತ್ತೂ ಶಬ್ದ ಇಲ್ಲ. ಅದರ ಬಗ್ಗೆ ಕಂಪನಿಗೆ ಲಿಖಿತವಾಗಿ ದೂರು ಬರ್ದಿದೀನಿ, ಎಚ್ಚರಿಕೆ ಶಬ್ದ ಹಾಕಿ ಅಂತ. ಉತ್ತರ ಬಂದ್ರೆ ಇಲ್ಲೇ ಹಾಕ್ತೀನಿ.

ಸ್ಪ್ಯಾನರ್

ಆ ಪ್ರಿಂಟ್ ಎಸೀಬೇಡಿ ಅಣ್ಣ, ಸರ್ವಿಸ್ ಬುಕ್ಕಲ್ಲಿ ಪಿನ್ ಹೊಡೆದು ಇಟ್ಕೊಳ್ಳಿ. ಮುಂದಿನ ಸಲ ವೀಲ್ ಅಲೈನ್‌ಮೆಂಟ್ ಮಾಡ್ಸಿದಾಗ್ಲೂ ಕ್ಯಾಮೆರಾ ಚೆಕ್ ಮಾಡಿ ಅಂತ ಕೇಳಿ.